ಉಸಿರಾಡಬಾರದ ಜಾಡಿ

ಡೇಜನ್ ನಗರ, ಫೆಬ್ರವರಿ, ಬೆಳಗಿನ ಏಳು.
ಬಾಗಿಲ ಹೊರಗೆ ಹಿಮ, ಒಳಗೆ ಬೂಟು ಕಳಚುವ ಬೆಂಚು.
ಗಾಜಿನ ಪೆಟ್ಟಿಗೆಯ ಎದುರು ಪ್ಯೊ ಸುನ್‌ಹ್ವಾ ನಿಂತಿದ್ದಾರೆ.
ಒಳಗಿನ ಆರ್ಗಾನ್ ದಬ್ಬಿದ ರಭಸಕ್ಕೆ
ಕಪ್ಪು ರಬ್ಬರಿನ ಕೈಗವಸುಗಳು ಹೊರಕ್ಕೆ ಸೆಟೆದು ಚಾಚಿವೆ,
ಬಸ್ಸಿಳಿದು ಬರುವ ಯಾರನ್ನೋ ತಬ್ಬಲು ಕಾದ ಹಾಗೆ.
"ದಿನಾ ಮೊದಲು ಇವನ್ನು ನೋಡು," ಅಂದರು.
"ಜೋತು ಬಿದ್ದಿದ್ದರೆ ಎಲ್ಲೋ ತೂತು.
ಅಂಥ ದಿನ ಕೈ ಹಾಕಬೇಡ, ನನ್ನನ್ನು ಕೂಗು.
ನಾನಿಲ್ಲದಿದ್ದರೆ ಬೀಗ ಜಡಿದು ಮನೆಗೆ ಹೋಗು."

ಬರೆದುಕೊಂಡೆ. ಕೆಲಸಕ್ಕೆ ಸೇರಿ ಮೂರನೇ ದಿನ,
ಎಲ್ಲವನ್ನೂ ಬರೆದುಕೊಳ್ಳುವ ವಯಸ್ಸು.

ಸೀಸೆಯ ತಳದಲ್ಲಿ ಒಂದು ಚಿಟಿಕೆ ಬಿಳುಪು.
ಲಿಥಿಯಂ ಎರಡು, ಆಕ್ಸಿಜನ್ ಒಂದು;
ಅಡುಗೆ ಸೋಡಾ ಅಂದರೆ ಯಾರಾದರೂ ನಂಬಬೇಕು.
ಸಾವಿರದ ನಾನೂರು ಡಿಗ್ರಿಗೂ ಕರಗದ ಹಟಮಾರಿ
ಒಂದು ಬಾಯುಸಿರಿಗೆ ಸೋತುಹೋಗುತ್ತದೆ:
ತೇವ ಕುಡಿದು ಕ್ಷಾರವಾಗುತ್ತದೆ, ಚರ್ಮ ತಿನ್ನುವ ಕ್ಷಾರ;
ಆಮೇಲೆ ಗಾಳಿಯ ಇಂಗಾಲವನ್ನೂ ಎಳೆದುಕೊಂಡು
ನಮ್ಮ ಕೆಲಸಕ್ಕೆ ಬಾರದ ಕಾರ್ಬೊನೇಟು.
"ಆಗಲೂ ಬಿಳಿ, ಈಗಲೂ ಬಿಳಿ," ಅಂದರು ಸುನ್‌ಹ್ವಾ.
"ಬಣ್ಣ ನಂಬಬೇಡ, ಚೀಟಿ ನಂಬು:
ತೆರೆದ ತಾರೀಕು, ಮುಚ್ಚಿದ ಗಂಟೆ, ಮುಚ್ಚಿದವರ ಹೆಸರು."

ಕಣ ಎಷ್ಟು ಸಣ್ಣದು, ಕೇಳಿದೆ.
ಕೂದಲ ಎಳೆ ಅಂದು, ತಲೆಯಾಡಿಸಿದರು.
ಪೈನ್ ಮರದ ಪರಾಗ ಅಂದು, ಅದೂ ಬೇಡ ಅಂದರು.
ಕೊನೆಗೆ: "ನೀನು ಚೆಲ್ಲಿದ್ದು ನಿನಗೇ ಕಾಣುವುದಿಲ್ಲ.
ಅಷ್ಟು."

ಅವರಪ್ಪ ಉಲ್ಸಾನಿನ ಆಚೆ ಓಂಗಿ ಜಾಡಿ ಮಾಡುತ್ತಿದ್ದರಂತೆ.
ಕಂದು ಮಣ್ಣು, ಬೂದಿಯ ಮೆರುಗು,
ಗೋಡೆಯ ತುಂಬ ಕಾಣದ ರಂಧ್ರ.
ಜಾಡಿ ಉಸಿರಾಡಿದರೆ ತಾನೆ ಒಳಗಿನ ಸೋಯಾ ಹದಗೊಳ್ಳುವುದು,
ಬೇಸಗೆಯಲ್ಲಿ ಹೊರಮೈ ಉಪ್ಪು ಬೆವರುವುದು.
ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು,
ಉಸಿರಿಲ್ಲದ್ದನ್ನು ಅಲ್ಲೇ ಒಡೆದು ಹಾಕುತ್ತಿದ್ದರಂತೆ.
"ಇಪ್ಪತ್ತಾರು ವರ್ಷದಿಂದ ಅಪ್ಪ ಒಡೆದು ಹಾಕಿದ್ದನ್ನೇ
ಒಳ್ಳೆ ಜಾಡಿ ಅಂತ ಎತ್ತಿಡುತ್ತಿದ್ದೇನೆ," ಅಂದು
ಸೀಸೆಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದರು.

ಚೆಲ್ಲಿದರೆ?
"ಗುಡಿಸಬೇಡ, ಊದಬೇಡ, ಒದ್ದೆ ಬಟ್ಟೆ ತರಬೇಡ.
ಎಲ್ಲರನ್ನೂ ಹೊರಗೆ ಕಳಿಸು. ಮುಖವಾಡ ಮೂಗಿಗೆ ಕೂತಿದೆಯಾ ನೋಡಿಕೋ.
ಆಮೇಲೆ ಸೋಸುವ ಯಂತ್ರ, ಒಣಗಿದ್ದು ಒಣಗಿದ್ದ ಹಾಗೇ."
ಕಣ್ಣಿಗೆ ಬಿದ್ದರೆ?
"ನೀರು."
ನೀರು ಕಂಡರೆ ಆಗದು ಅಂದಿರಿ ಈಗಷ್ಟೆ—
"ಪುಡಿಗೆ ಆಗದು. ನಿನಗೆ ನೀರೊಂದೇ ಗತಿ.
ಕಾಲು ಗಂಟೆಗೆ ಕಡಿಮೆ ಇಲ್ಲದೆ, ರೆಪ್ಪೆ ಹಿಡಿದು ಬಿಡಿಸಿ,
ಯಾರಾದರೂ ಆಂಬುಲೆನ್ಸಿಗೆ ಫೋನು ಮಾಡುತ್ತಿರಬೇಕು.
ನಾನು ಆರು ನಿಮಿಷಕ್ಕೆ ಸಾಕು ಅಂದುಕೊಂಡೆ."

ಆಗ ಕಂಡೆ ಅವರ ಎಡಗಣ್ಣು,
ಮೂರು ದಿನ ನಾನು ಚಳಿ ಅಂದುಕೊಂಡಿದ್ದ ಹನಿ.
ಆ ಪುಟದಲ್ಲಿ ನಾನು ಏನೂ ಬರೆಯಲಿಲ್ಲ.

"ಬಾ," ಅಂದರು. ಹತ್ತಿಯ ಒಳಗವಸು ತೊಟ್ಟು
ಚಾಚಿದ ಆ ತೋಳುಗಳೊಳಗೆ ನನ್ನ ತೋಳು ತುರುಕಿದೆ.
ರಬ್ಬರಿನ ಬೆರಳುಗಳು ಅವರ ಬೆರಳಿಗೆ ಹಿಗ್ಗಿದ್ದವು,
ನನಗೆ ತುಸು ಗಿಡ್ಡ.
ಚಿಮುಟ ಎರಡು ಸಲ ಜಾರಿತು. ಮೂರನೆಯ ಸಲ ಸೀಸೆ ಎದ್ದಿತು.
ಬೆನ್ನ ಹಿಂದೆ ಅವರು ಮಾತಾಡಲಿಲ್ಲ.

ಗೋಡೆಯ ಮೀಟರಿನಲ್ಲಿ ತೇವದ ಅಂಕಿ,
ಬೆಳಗ್ಗೆ ಸೊನ್ನೆ ಬಿಂದು ನಾಲ್ಕು ಇದ್ದದ್ದು,
ಒಂದು ತಾಸಿಗೆ ಬಿಂದು ಆರು.
ತೂತಾಯಿತೇ, ಗಾಬರಿಯಲ್ಲಿ ತಿರುಗಿದೆ.
ಇಲ್ಲ ಅಂದರು, ಎಷ್ಟೇ ಒಳ್ಳೆ ರಬ್ಬರಾದರೂ
ಬೆವರನ್ನು ಪೂರ್ತಿ ತಡೆಯುವುದಿಲ್ಲ, ಅಣು ಅಣುವಾಗಿ ನುಸುಳುತ್ತದೆ.

ಬಿಂದು ಏಳು.

"ಅದು ನೀನು," ಅಂದರು ಸುನ್‌ಹ್ವಾ. "ಸಾಕು, ಕೈ ತೆಗೆ."