ಸೊನ್ನೆ ಪಾಯಿಂಟ್ ಎಂಟು

ಎಸ್.ಪಿ. ರೋಡಿನ ಆ ಓಣಿಯಲ್ಲಿ ಎರಡು ಕೊಡೆ ಎದುರಾದರೆ
ಒಂದು ಮಡಚಬೇಕು.
ವಾರದ ರಜೆ, ಖಾಕಿ ಬಿಚ್ಚಿಟ್ಟು ಬಂದಿದ್ದೇನೆ.
ಅಂಗಡಿಯ ಹುಡುಗ ಕೇಳುತ್ತಾನೆ,
'ಮೇಡಂ, ಮಗನ ಪ್ರಾಜೆಕ್ಟಿಗಾ?'

ಮಗನಿಲ್ಲ. ಪ್ರಾಜೆಕ್ಟು ನನ್ನದೇ.
ಲಗ್ಗೆರೆಯ ನಮ್ಮ ಬೀದಿಗೆ ಕಾವೇರಿ ಬರುವುದು
ದಿನ ಬಿಟ್ಟು ದಿನ, ರಾತ್ರಿ ಎರಡಕ್ಕೋ ಮೂರಕ್ಕೋ,
ಅವಳ ಮನಸ್ಸು ಬಂದಾಗ.
ನಲ್ಲಿಯಲ್ಲಿ ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ನೀರು.
ಮೊದಲ ಹನಿಗೇ ಎದ್ದು ಕೂಗುವ
ಒಂದು ಪುಟ್ಟ ಬೋರ್ಡು ಬೇಕು ನನಗೆ.

ತಾಮ್ರದ ಹಲಗೆಗೆ ಗೆರೆ ಇಳಿಸಿದ್ದಾಯ್ತು, ಇಸ್ತ್ರಿಪೆಟ್ಟಿಗೆ ಒತ್ತಿ.
ಐಸ್‌ಕ್ರೀಮ್ ಡಬ್ಬಿಯ ಕಂದು ದ್ರಾವಣದಲ್ಲಿ
ತೊಟ್ಟಿಲ ಹಾಗೆ ತೂಗಿ ತೂಗಿ
ಬೇಡದ ತಾಮ್ರ ಕರಗಿಸಿದ್ದಾಯ್ತು
(ಬಚ್ಚಲ ಕಲ್ಲಿನ ಕಲೆ ಇನ್ನೂ ಹೋಗಿಲ್ಲ).
ಉಳಿದದ್ದು ತೂತು. ನಲವತ್ತಾರು.
ಒಂದೊಂದೂ ಸೊನ್ನೆ ಪಾಯಿಂಟ್ ಎಂಟು ಮಿಲಿಮೀಟರು,
ಸಾಸಿವೆ ಕಾಳಿಗೂ ದಾರಿ ಬಿಡದಷ್ಟು.

ತೂತಿನ ವಿಷಯ ನನಗೆ ಹೇಳಿಕೊಡಬೇಡಿ.
ಮೆಷಿನ್ನು ಬರುವ ಮುಂಚೆ ಒಂಬತ್ತು ವರ್ಷ
ಓಡುವ ಬಸ್ಸಿನಲ್ಲಿ, ಕಂಬಿಗೆ ಬೆನ್ನು ಕೊಟ್ಟು,
ಟಿಕೆಟ್ಟಿನ ಅಂಕಿಯ ಹೊಟ್ಟೆಗೇ ತೂತು ಹೊಡೆದವಳು.
ಮೆಜೆಸ್ಟಿಕ್ಕಿನಿಂದ ಯಶವಂತಪುರ ತಲುಪುವಷ್ಟರಲ್ಲಿ
ಕಾಲ ಬಳಿ ಬಣ್ಣಬಣ್ಣದ ಚುಕ್ಕಿ.

ಮನೆಯಲ್ಲಿದೆ ಗೋಡೆ ಕೊರೆಯುವ ಡ್ರಿಲ್ಲು, ನಮ್ಮೆಜಮಾನರದು.
ಅದರ ಬಾಯಿಗೆ ಈ ಕೂದಲಿನಂಥ ಕಡ್ಡಿ ಕೊಟ್ಟರೆ
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,
ಹಲ್ಲಿಗೇ ಸಿಗಲಿಲ್ಲ.
ನಗರ್ತಪೇಟೆಯ ಮೋನಪ್ಪಾಚಾರ್ರು ತಮ್ಮ ಕೈಬೈರಿಗೆ ಕೊಟ್ಟು ನೋಡಿದರು,
ಬೆರಳಲ್ಲೇ ತಿರುಗಿಸುವುದು.
'ಅವಸರ ಇಲ್ಲದವರಿಗೆ ಇದು, ತಾಯಿ.'
ಚಿನ್ನವಲ್ಲ ನನ್ನದು, ಗಾಜಿನ ನಾರಿನ ಹಲಗೆ;
ಮೂರನೇ ತೂತಿಗೇ ಹೆಬ್ಬೆರಳಲ್ಲಿ ಬೊಬ್ಬೆ.
ಇಲ್ಲಿ ಶೋಕೇಸಿನಲ್ಲೊಂದು ವಿದೇಶಿ ಯಂತ್ರ,
ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು.
ಬೆಲೆ ಕೇಳಿ ನನಗೂ ಒಂದು ಸುತ್ತು ಬಂತು.

ಇನ್ನು ಟ್ರೇನಲ್ಲಿ ಗುಡ್ಡೆ ಹಾಕಿದ ಹನ್ನೆರಡು ವೋಲ್ಟಿನ ಮೋಟಾರು,
ಮೂತಿಗೆ ಹಿತ್ತಾಳೆಯ ಚಕ್ಕು. ಇನ್ನೂರ ನಲವತ್ತು.
'ಎಲ್ಲಾ ಒಂದೇ ಮೇಡಂ.'
ಎಲ್ಲಾ ಒಂದೇ ಅನ್ನುವ ಮಾತನ್ನು
ಚಿಲ್ಲರೆ ಎಣಿಸಿದವಳು ನಂಬುವುದಿಲ್ಲ.
'ಕಡ್ಡಿ ಸಿಕ್ಕಿಸಿ ಓಡಿಸಪ್ಪ.'

ಮೊದಲನೆಯದರ ತುದಿ ಗಾಳಿಯಲ್ಲೊಂದು ಬಳೆ ಬರೆಯಿತು.
ಎರಡನೆಯದು ನಮ್ಮ ಹಳೇ ಗಾಡಿಯ ಗೇರ್ ಕಡ್ಡಿ.
ಮೂರನೆಯದರಲ್ಲಿ ಟಿಕ್ಕೆಂದು ಮುರಿದು ಎಲ್ಲೋ ಹಾರಿತು,
ಹುಡುಗ ನನ್ನ ಲೆಕ್ಕಕ್ಕೆ ಬರೆದುಕೊಂಡ.
ನಾಲ್ಕು, ಐದು, ಆರು.
ಏಳನೆಯದಕ್ಕೆ ಕರೆಂಟು ಕೊಟ್ಟ. ಏನೂ ಆಗಲಿಲ್ಲ.
'ಇದು ಡೆಡ್ಡು.'
ಅಲ್ಲಪ್ಪ. ಬೆರಳು ಆನಿಸಿ ನೋಡು.
ಬುಗುರಿ ನಿದ್ದೆ ಹೋದಾಗ ಹೀಗೇ ಅಲ್ಲವೇ,
ಸುತ್ತುವುದೆಲ್ಲ ಒಳಗೆ, ಹೊರಗೆ ನಿಂತ ಹಾಗೆ.
ಬೆಳಕಿನದೊಂದು ಗೀಟು, ಅಲುಗದೆ.
ಪಕ್ಕದಲ್ಲಿದ್ದ ಕಾಲೇಜು ಹುಡುಗ ಟ್ರೇ ನನ್ನತ್ತ ತಳ್ಳಿದ,
'ಆಂಟಿ, ನನಗೂ ಒಂದು ಆರಿಸಿ.'

ರಾತ್ರಿ, ಅಡುಗೆ ಕಟ್ಟೆ.
ಗಾಜಿನ ಧೂಳಿಗೆ ಮೂಗಿಗೆ ಒದ್ದೆ ಕರ್ಚೀಫು.
ಒತ್ತಬಾರದು, ಒರಗಬಾರದು, ನೆಟ್ಟಗೆ ಇಳಿಯಬೇಕು
ತಾಮ್ರದ ಚುಕ್ಕಿಯ ನಡು ಹಿಡಿದು.
ಒಂದೊಂದು ತೂತಿಗೂ ಬಾಯಿಗೆ ತಾನಾಗಿ ಬರುತ್ತದೆ:
ರೈಟ್. ರೈಟ್.
ಹತ್ತೊಂಬತ್ತನೆಯದು ಒಂದು ಕೂದಲು ಆಚೆ. ಇರಲಿ.
ಎಲ್ಲ ಮುಗಿಸಿ ಹಲಗೆಯನ್ನು ದೀಪಕ್ಕೆ ಹಿಡಿದೆ,
ಎಣಿಸಿದೆ, ಮತ್ತೆ ಎಣಿಸಿದೆ.

ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಗಂಗಹನುಮಕ್ಕ,
'ಮೂರು ಗಂಟೆಗೇ ನೀರು ಬಂದಿತ್ತಲ್ಲೇ.
ನಿಮ್ಮನೇಲಿ ದೀಪ ಉರೀತಿತ್ತು, ಗುಂಯ್ ಅಂತಿತ್ತು ಏನೋ.
ಹಿಡ್ಕೊಂಡೆ ತಾನೆ?'

ಇಲ್ಲಕ್ಕಾ.
ಒಂದು ಕೊಡ ಕೊಡ್ತೀಯಾ?