ನಡುವಿನ ಗೀಟು

ಅಕ್ಷರಕ್ಕೆ ಹದಿನೈದು ರೂಪಾಯಿ, ಚುಕ್ಕಿಗೆ ದುಡ್ಡಿಲ್ಲ.
ಮುದಗಲ್ಲಿನ ಕೋಟೆ ಬಾಗಿಲಾಚೆ
ನನ್ನ ತಗಡಿನ ಚಪ್ಪರದಲ್ಲಿ ಇದೇ ಧಾರಣೆ,
ಲಿಂಗಾಯತರ ಗದ್ದಿಗೆಗೂ, ಸಾಬರ ಗೋರಿಗೂ,
ಚರ್ಚಿನ ಓಣಿಯವರ ಶಿಲುಬೆಗೂ.

ಸೈಕಲ್ ಅಂಗಡಿ ಮುದುಕನ ಮಗಳು
ಫಿಲೋಮಿನಾ ಚೀಟಿ ತಂದಳು.
ಮೇಲೆ ಪರದೇಶದ ಅಕ್ಷರ, ಕೆಳಗೆ ನಮ್ಮವು.
ಎರಡು ಹೆಸರು, ನಡುವೆ ಒಂದು ಗೀಟು.
"ಇದಕ್ಕೂ ರೊಕ್ಕ ಹಿಡೀತಿಯೇನಣ್ಣ?"
ನಲವತ್ತು ವರ್ಷ ಉಳಿ ಹಿಡಿದವನಿಗೆ
ಈ ಪ್ರಶ್ನೆ ಹೊಸದು.

ಅವನ ಹೆಸರಿನ ಕತೆ ಊರಿಗೆ ಗೊತ್ತು, ಅರ್ಧರ್ಧ.
ಚಳಿಜ್ವರದ ವರ್ಷ ಒಬ್ಬ ಫ್ರೆಂಚ್ ಪಾದ್ರಿ
ಎರಡು ಮಳೆಗಾಲ ಇಲ್ಲಿದ್ದನಂತೆ,
ರೊಟ್ಟಿ ಬಡಿಯುವ ಸದ್ದಿಗೆ ಬೆಚ್ಚಿ ಏಳುತ್ತಿದ್ದನಂತೆ.
ಹೋಗುವಾಗ ಕೊಡಲು ಬಳಿಯಲ್ಲೇನೂ ಇರಲಿಲ್ಲ,
ಚೌರಪ್ಪನ ಕೂಸಿಗೆ ತನ್ನ ಹೆಸರನ್ನೇ ಕೊಟ್ಟು ಹೋದ.

ಝಾಂ-ಮರೀ.
ಮೊದಲ ಸದ್ದಿಗೆ ನಮ್ಮಲ್ಲಿ ಅಕ್ಷರವಿಲ್ಲ.
ಜ ಅಲ್ಲ, ಝ ಅಲ್ಲ, ಶ ಅಂತೂ ಅಲ್ಲ.
ಟ್ಯೂಬಿನಿಂದ ಗಾಳಿ ಸೋರುವಾಗಿನ ಸದ್ದು ಅದು,
ಅವನೇ ಹೇಳುತ್ತಿದ್ದ,
ಬೋಗುಣಿ ನೀರಲ್ಲಿ ಪಂಕ್ಚರು ಹುಡುಕುತ್ತ.
ಅವ್ವ ಇನ್ನಾಸಮ್ಮನ ನಾಲಿಗೆ ಅಷ್ಟು ದೂರ ಹೋಗಲಿಲ್ಲ.
ಅವಳು ಕರೆದದ್ದು ಜಾಣಮರಿ.

ಅರ್ಥ ಬೇಕಾಯಿತು ಅವನಿಗೆ, ಮೀಸೆ ಬಂದ ಮೇಲೆ.
ಬಂದ ಸ್ವಾಮಿಗಳನ್ನೆಲ್ಲ ಕೇಳಿದ.
ಮೊದಲರ್ಧ: ದೇವರು ಕರುಣಿಸಿದ.
ಹೀಬ್ರೂವಿನಲ್ಲಿ ಹುಟ್ಟಿ, ಲ್ಯಾಟಿನ್ನಿನಲ್ಲಿ ಸವೆದು,
ಫ್ರಾನ್ಸು ಮುಟ್ಟುವಷ್ಟರಲ್ಲಿ ಒಂದೇ ಉಸಿರಾಗಿತ್ತು.
ಉಳಿದರ್ಧಕ್ಕೆ ಒಬ್ಬೊಬ್ಬರದು ಒಂದೊಂದು:
ಕಹಿ ಅಂದರು, ಪ್ರಿಯೆ ಅಂದರು,
ಕಡಲಿನ ಹನಿ ಅಂದರೊಬ್ಬರು.
ಅಲ್ಲಿಯ ಹಳ್ಳಿಗಳಲ್ಲಿ ಝಾಂ ಎಂದು ಕೂಗಿದರೆ
ಹತ್ತು ಗಂಡಸರು ತಿರುಗಿ ನೋಡುತ್ತಿದ್ದರಂತೆ,
ಅದಕ್ಕೇ ಬೆನ್ನಿಗೊಂದು ಹೆಸರು ಕಟ್ಟುತ್ತಿದ್ದರು.
ಗಂಡುಕೂಸಿಗೆ ತಾಯಿಯ ಹೆಸರು, ಕಾವಲಿಗೆ.

"ಗಂಡಸಿಗೆ ಮೇರಿ ಏನೋ?" ಎಂದು ನಕ್ಕವರಿಗೆ
ಉತ್ತರ ನಾಲಿಗೆ ತುದಿಯಲ್ಲೇ:
"ಹುಲಿಗೆಪ್ಪಾ, ನಿನ್ನ ಹೆಸರಾಗ ಯಾರ ಅದಾಳ ನೋಡ್ಕೋ.
ಯಲ್ಲಪ್ಪಾ, ನೀನೂ ನೋಡ್ಕೋ.
ನಿಮಗ ಬೆಸಿಗಿ ಹಾಕ್ಯಾರ,
ನಂದು ಚೈನಿನ ಕೊಂಡಿ, ಬೇಕಂದ್ರ ಬಿಚ್ಚಬಹುದು."
ಬಿಚ್ಚಲಿಲ್ಲ ಯಾವತ್ತೂ.

ಸರಕಾರ ಬಿಚ್ಚಿತು.
ರೇಶನ್ ಕಾರ್ಡಿನಲ್ಲಿ ಜೀನ್, ತಂದೆಯ ಹೆಸರು ಮೇರಿ.
ಮತದಾರರ ಪಟ್ಟಿಯಲ್ಲಿ ಮೇರಿ ಜೆ., ಹೆಣ್ಣು.
ಆ ಸಲ ಅವನು ಹೆಂಗಸರ ಸಾಲಿನಲ್ಲೇ ನಿಂತ,
ಬಿಸಿಲಲ್ಲಿ ಒಂದು ತಾಸು,
ಮುಂದಿದ್ದ ಹುಸೇನಮ್ಮನ ಕೂಸನ್ನು ಬಗಲಿಗೆತ್ತಿಕೊಂಡು.
"ಅರ್ಧಾ ನಾನು ಹಾಕೀನಿ, ಅರ್ಧಾ ಆಕಿ,"
ಬೆರಳಿನ ಮಸಿ ತೋರಿಸುತ್ತ ಹೊರಬಂದ.

ಮೊನ್ನೆ ಕೆತ್ತಲು ಕೂತೆ.
ಪರದೇಶದ ಸಾಲನ್ನು ನೋಡಿ ನೋಡಿ ಇಳಿಸಿದೆ,
ಇರುವೆ ಎಣಿಸಿದಂತೆ.
ನಮ್ಮ ಸಾಲಿಗೆ ಬಂದಾಗ ಕೈ ತಾನೇ ಓಡಿತು.
ಚೀಟಿಯಲ್ಲಿ ಜಾನ ಇತ್ತು.
ಕಲ್ಲಿನಲ್ಲಿ ಜಾಣ.
ಕಲ್ಲಿಗೆ ರಬ್ಬರಿಲ್ಲ.

ಫಿಲೋಮಿನಾ ಬಂದು ಬೆರಳಿಟ್ಟು ಓದಿದಳು.
ಣಕಾರದ ಸುಳಿಯಲ್ಲಿ ಬೆರಳು ನಿಂತಿತು.
ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ.
"ಗೀಟು ಹಾಕು," ಅಂದಳು, "ಅದನ್ನ ಬಿಟ್ಟಿಯಲ್ಲ."

ಹಾಕಿದೆ. ಒಂದೇ ಏಟು, ಜೋಳದ ಕಾಳಿನುದ್ದ.
ಅದಕ್ಕೆ ರೊಕ್ಕ ಬೇಡ ಅಂದರೂ ಕೇಳದೆ
ಎಣಿಸಿಟ್ಟ ನೋಟುಗಳ ಪಕ್ಕಕ್ಕೆ, ಬೇರೆಯಾಗಿ,
ಹತ್ತರದೊಂದು ನಾಣ್ಯ, ಐದರದೊಂದು
ಇಟ್ಟು ಹೋದಳು.