ನಿಯಮ ಹದಿನಾಲ್ಕು: ಕೂದಲು

ಬೆಳಗಿನ ಐದೂಮುಕ್ಕಾಲು. ಇಲೊಯಿಲೊದ ಆಸ್ಪತ್ರೆ,
ಹಿಂಬಾಗಿಲ ಕಾರಿಡಾರು.
ಹನ್ನೊಂದು ಹುಡುಗಿಯರು, ಇಬ್ಬರು ಹುಡುಗರು, ಗೋಡೆಗೆ ಬೆನ್ನು.
ನನ್ನ ಕೈಯಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು.
ಉಗುರು ತೋರಿಸಿ. ತಿರುಗಿಸಿ. ಕಿವಿ.
ಗಡಿಯಾರದ ಸೆಕೆಂಡು ಮುಳ್ಳು ಓಡುತ್ತಿದೆಯೆ?
ತುರುಬು ಕಾಲರಿಗೆ ತಾಗಬಾರದು,
ಬಲೆಯಿಂದ ಒಂದೆಳೆಯೂ ನುಸುಳಬಾರದು,
ಬಣ್ಣ, ಮನುಷ್ಯರ ತಲೆಯಲ್ಲಿ
ತಾನಾಗಿ ಬೆಳೆಯುವಂಥದ್ದು ಮಾತ್ರ.

ಈ ವಾಕ್ಯ ಬರೆದವಳು ನಾನೇ,
ಹನ್ನೆರಡು ವರ್ಷದ ಹಿಂದೆ, ಸಮಿತಿಯ ಸಭೆಯಲ್ಲಿ,
ಬಿಸ್ಕತ್ತು ತಿನ್ನುತ್ತಾ.

ಸಾಲಿನ ಕೊನೆಗೆ ಕ್ರಿಝೆಲ್ ಫಮಾತಿದ್,
ಮಿಯಾಗಾವ್‌ನಲ್ಲಿ ಮೂರೂವರೆಗೆ ಎದ್ದು ಜೀಪ್ನಿ ಹತ್ತಿ ಬಂದವಳು.
ಶುಕ್ರವಾರದ ತನಕ ಅವಳ ತಲೆ
ಮೀನುಗಾರರ ಹೊಸ ನೈಲಾನ್ ಬಲೆಯ ನೀಲಿ.
ಯಾಕಮ್ಮ ಇದು? ಎಂದು ಕೇಳಿದ್ದೆ.
ಹರಕೆಯೋ? ಪಂಥವೋ? ಯಾವನಾದರೂ ಕೈಕೊಟ್ಟನೋ?
"ಸುಮ್ಮನೆ, ಮ್ಯಾಮ್. ಚೆನ್ನಾಗಿತ್ತು."
ಇಂಥ ಉತ್ತರಕ್ಕೆ ನನ್ನ ಫಾರಮಿನಲ್ಲಿ ಕಾಲಮ್ಮಿಲ್ಲ.

ಇವತ್ತು ಕಪ್ಪು. ಕಾಡಿಗೆಗಿಂತ ಕಪ್ಪು.
ಅಂಥ ಕಪ್ಪು ಯಾರ ತಲೆಯಲ್ಲೂ ತಾನಾಗಿ ಬೆಳೆಯುವುದಿಲ್ಲ.
ನನಗೆ ಗೊತ್ತು: ಅದೇ ಡಬ್ಬಿ, ಅದೇ ನಂಬರು.
ಮೂರು ಭಾನುವಾರಕ್ಕೊಮ್ಮೆ ನಾನೂ ಹಳೆ ಟವೆಲು ಹೊದ್ದು
ಬಚ್ಚಲಲ್ಲಿ ಕೂತು ನಲವತ್ತು ನಿಮಿಷ
ಕಾಯುತ್ತೇನೆ, ಸಹಜಳಾಗಲು.
"ಸರಿ" ಎಂದೆ. ಟಿಕ್ ಹಾಕಿದೆ.

ಹತ್ತು ಗಂಟೆಗೆ ವಾರ್ಡಿನ ಫ್ಯಾನು ನಿಂತಿತು.
ಬೆವರು ಇಳಿಯಿತು. ಬೆವರಿನ ಜೊತೆ ಕಪ್ಪೂ ಇಳಿಯಿತು,
ಅವಳ ಕತ್ತಿನ ಹಿಂದೆ, ಇಸ್ತ್ರಿ ಮಾಡಿದ ಬಿಳಿ ಕಾಲರಿಗೆ
ಒಂದು ಸಣ್ಣ ಕಾಲುದಾರಿ.
ಬಲೆಯ ಒಳಗೆ, ಹುಡುಕಿದರೆ ಮಾತ್ರ ಕಾಣುವ ಹಾಗೆ,
ನೀಲಿ ಕಣ್ಣು ಬಿಡುತ್ತಿತ್ತು.

ಏಳನೇ ಹಾಸಿಗೆಯಲ್ಲಿ ಲೋಲಾ ಪುರಾ, ಒಣಮೀನು ಮಾರುವವಳು,
ಎಪ್ಪತ್ತೊಂದು, ಪಿತ್ತಕೋಶದ ಕಲ್ಲು, ಮಧ್ಯಾಹ್ನಕ್ಕೆ ಥಿಯೇಟರು.
ಹಲ್ಲಿನ ಸೆಟ್ಟು ತೆಗೆಸಿದ್ದಾಯಿತು.
ಉಂಗುರ ಸೋಪು ಹಚ್ಚಿ ಜಾರಿಸಿದ್ದಾಯಿತು.
ಉಗುರಿನ ಕೆಂಪು ಒರೆಸಿದ್ದಾಯಿತು.
ಆಗ ಮುದುಕಿ ಅಂಗೈಯಿಂದ ಬೈತಲೆ ಮುಚ್ಚಿಕೊಂಡಳು.
ಬುಡದಲ್ಲಿ ಎರಡು ಬೆರಳು ಬಿಳಿ.
"ಡಾಕ್ಟರು ಚಿಕ್ಕ ಹುಡುಗ, ಮಗಳೇ,
ನನ್ನ ಗಿರಾಕಿಯ ಮಗ. ಅವನು ಹೀಗೆ ನೋಡಬಾರದು."

ಪರದೆ ಎಳೆದ ಸದ್ದು.
ಸಂದಿಯಿಂದ ಕಂಡದ್ದು: ಕ್ರಿಝೆಲ್ ಮಂಡಿಯೂರಿ
ಜೇಬಿನ ಹುಬ್ಬಿನ ಪೆನ್ಸಿಲಿನಿಂದ
ಬೈತಲೆಯ ಎರಡೂ ದಂಡೆಗೆ ಸಣ್ಣ ಸಣ್ಣ ಗೀಟು ಎಳೆಯುತ್ತಿದ್ದಾಳೆ,
ಚಾರ್ಟಿನಲ್ಲಿ ಜ್ವರದ ಗೆರೆ ಎಳೆಯುವಷ್ಟು ಶ್ರದ್ಧೆಯಿಂದ.

ರೋಗಿಗೆ ಪ್ರಸಾಧನ ನಿಷಿದ್ಧ: ನಿಯಮ ಇಪ್ಪತ್ತೆರಡು.
ಅದೂ ನಾನು ಬರೆದದ್ದೇ.
ಹೆಜ್ಜೆ ಮುಂದಿಟ್ಟೆ. ನಿಂತೆ.
ಕನ್ನಡಿಯಂತೆ ಹಿಡಿದ ಸ್ಟೀಲ್ ಟ್ರೇಯಲ್ಲಿ
ಬೊಚ್ಚು ಬಾಯಿ ತನ್ನನ್ನೇ ನೋಡಿ ನಗುತ್ತಿತ್ತು.
ಹೇಗೂ ಮೇಲೆ ಹಸಿರು ಟೊಪ್ಪಿ ಬರುತ್ತದೆ.
ಹೇಗೂ ಯಾರೂ ನೋಡುವುದಿಲ್ಲ.
ಗಂಟಲು ಸರಿಮಾಡಿಕೊಂಡು ಆರನೇ ಹಾಸಿಗೆಯ
ಡ್ರಿಪ್ಪಿನ ಹನಿ ಎಣಿಸತೊಡಗಿದೆ.
ಎರಡು ಸಲ ಲೆಕ್ಕ ತಪ್ಪಿತು.

ಸಂಜೆ ಡ್ಯೂಟಿ ಮುಗಿದ ಮೇಲೆ ಅವಳನ್ನು ಕರೆಸಿದೆ.
ತಪ್ಪು ತಪ್ಪೇ. ನಾಲ್ಕು ಗಂಟೆ ಹೆಚ್ಚುವರಿ ಕೆಲಸ.
ಕಾರಣದ ಜಾಗದಲ್ಲಿ ಪೆನ್ನು ಬಹಳ ಹೊತ್ತು ನಿಂತು
"ಕಾಲರು ಕೊಳೆ" ಎಂದು ಬರೆಯಿತು.
ಓದಿ ಸಹಿ ಹಾಕಿದಳು. ಹೋಗಲಿಲ್ಲ.
"ಮ್ಯಾಮ್, ಒಂದು ನಿಮಿಷ ಅಲ್ಲಾಡಬೇಡಿ."
ಹತ್ತಿಯುಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ
ನನ್ನ ಬಲಗಿವಿಯ ಹಿಂದೆ,
ಯಾವ ಕನ್ನಡಿಯೂ ನನಗೆ ಹೇಳದ ಕಡೆ,
ಒರೆಸಿದಳು. ತಣ್ಣಗಾಯಿತು.
ನನಗೆ ತೋರಿಸದೆ ಬುಟ್ಟಿಗೆ ಹಾಕಿದಳು,
ಹಳದಿಗಲ್ಲ, ಕಪ್ಪಿಗೆ,
ನಿಯಮದ ಪ್ರಕಾರ.